ಹಾಳ ಖೇಳ ಅಂದವ

"ನಿಪ್ಪಾಣಿ ಹುಡುಗ ನಿನ್ನ ನೋಡಾಕ ಬಂದಾನ ತಂಗೀ. ಹಾಕಿ ಆಡಾಂವಂತ. ಅಪ್ಪಗ ಇನ್ನೇನ ಬೇಕು, ಕುಂಡಲಿ ಕೇಳೂದನ್ನೂ ಮರತಾನ," ಎಂದ ಅಣ್ಣ ಕಾಮಣ್ಣ.

ಮಲಕವ್ವ ಪಡಸಾಲೆಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಇವನೇ... ಒಂಬತ್ತು ವರ್ಷವಾದರೂ ಈ ಮುಖ ಮರೆಯುವುದುಂಟೇ?

ಕರೋಶಿಯ ಈ ಕುರಿಗಾರರ ಮನೆಯಲ್ಲಿ ಹಾಕಿ ಎಂದರೆ ಊಟ ಬಿಟ್ಟೇಳುವವರೇ ಎಲ್ಲರೂ. ಅಪ್ಪ ಹಾಲಸಿದ್ದ ಮಿಲಿಟರಿಯಲ್ಲಿ ಗೋಲಕೀಪರ್ ಆಗಿದ್ದವನು. ಕುರಿ ಕಾಯುತ್ತಲೇ ಮಕ್ಕಳಿಗೆ ಆಟ ಕಲಿಸಿದ. ಹೈಸ್ಕೂಲಿನಲ್ಲಿ ಮಲಕವ್ವನಿಗೆ ಚೆಂಡು ಸಿಕ್ಕರೆ ಸಾಕು, ಹಿಂದೆಮುಂದೆ ನೋಡದೆ ಓಡುವಳು.

೧೯೮೬ರಲ್ಲಿ ಚಿಕ್ಕೋಡಿಯ ತಾಲೂಕು ಪಂದ್ಯದಲ್ಲಿ ಹಾಗೆ ಓಡಿಯೇ ಮೂರು ಸಲ ಚೆಂಡು ಕಳೆದುಕೊಂಡಳು. ಗೆರೆಯಾಚೆಯಿಂದ ಕಾಲೇಜು ಹುಡುಗನೊಬ್ಬ ಕೂಗಿದ: "ಹಾಳ ಖೇಳ..."

ಹಾಳು ಆಟವಂತೆ!

ಯಾರಿಗೂ ಹೇಳಲಿಲ್ಲ ಅವಳು. ಮರುದಿನದಿಂದ ನಸುಕಿಗೇ ಅಪ್ಪನನ್ನು ಎಬ್ಬಿಸತೊಡಗಿದಳು. ಅವಳ ತಂಡ ತಾಲೂಕು ಗೆದ್ದಿತು, ಜಿಲ್ಲೆ ಗೆದ್ದಿತು. ಬೆಳಗಾವಿಯ ವಿಭಾಗದ ಫೈನಲ್ಲಿನಲ್ಲಿ ಒಂದಕ್ಕೊಂದು ಗೋಲು, ಉಳಿದದ್ದು ಎರಡೇ ನಿಮಿಷ. ಆಗ ಮತ್ತೆ ಅದೇ ದನಿ, ಅದೇ ಮಾತು. ಸಿಟ್ಟಿಗೆ ಚೆಂಡಿನ ಸಮೇತ ಗಕ್ಕನೆ ನಿಂತು ಅವನತ್ತ ದುರುಗುಟ್ಟಿದಳು. ಮೈಮೇಲೆ ಬರುತ್ತಿದ್ದ ಎದುರಾಳಿಗಳಿಬ್ಬರು ನಿಲ್ಲಲಾರದೆ ಆಚೆ ಹೋಗಿಬಿಟ್ಟರು. ಇವಳು ಬೀಸಿದಳು. ಗೋಲು! ರಾಜ್ಯ ತಂಡದ ಅಂಗಿ ಆ ಮನೆಗೆ ಬಂದದ್ದು ಹಾಗೆ. ಈಗ ಅವಳು ಏಕಸಂಬಿ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಆಟ ಕಲಿಸುವ ಟೀಚರು.

"ಅಪ್ಪಾ, ಇವರು ಬ್ಯಾಡ ನನಗ."

"ಯಾಕವಾ?" ಅವ್ವ ಭೀಮಾಬಾಯಿ ಗಾಬರಿಯಾದಳು.

"ನನ್ನ ಆಟಕ್ಕ ಹಾಳ ಖೇಳ ಅಂದಾರ. ಒಮ್ಮಿ ಅಲ್ಲ, ಎರಡ ಸಲ."

ನಿಪ್ಪಾಣಿಯ ಹುಡುಗ ಆಬಾಸಾಹೇಬ ಕಣ್ಣರಳಿಸಿ ಕುಳಿತ. ಆಮೇಲೆ ನಗು ತಡೆಯಲಾಗಲಿಲ್ಲ ಅವನಿಗೆ.

"ಹಾಳ ಅಲ್ರಿ ಟೀಚರ, ಹಳೂ. ಹಳೂ ಖೇಳ. ನಮ್ಮ ಮನ್ಯಾಗ ಮರಾಠಿ. ಸಾವಕಾಶ ಆಡು ಅಂದೆ."

ಹಾಲಸಿದ್ದ ತೊಡೆ ತಟ್ಟಿಕೊಂಡ. "ಇದನ್ನ ನೀ ಸಣ್ಣಾಕಿ ಇದ್ದಾಗಿಂದ ನಾ ಬಡಕೊಂಡೇನಿ ಮಗಳ. ನಾನೂ ಹಾಳ ಅಂದಿದ್ರ ಕೇಳತಿದ್ಯೇನೋ!"

ಮಲಕವ್ವನ ಕಿವಿ ಬಿಸಿಯಾದವು. ಒಂಬತ್ತು ವರ್ಷ ಹಗೆಯೆಂದುಕೊಂಡದ್ದು... ಇಷ್ಟೇನಾ?

"ನಾ ಸಿಟ್ಟಿಗೆ ನಿಂತಿದ್ದೆ ಅವತ್ತ."

"ನನ್ನ ಮಾತ ಕೇಳಿ ನಿಂತ್ರಿ ಅಂತ ನಾ ನಿಪ್ಪಾಣಿ ತುಂಬ ಹೇಳಕೋತ ತಿರಗೇನ್ರಿ."

ಅವಳಿಗೂ ನಗು ಬಂತು. "ಹಂಗಾರ ಆ ಗೋಲ ನೆನಸಿ ಬಂದ್ರಿ?"

"ಅಲ್ಲ." ಅವನ ದನಿ ಇಳಿಯಿತು. "ಹೋದ ತಿಂಗಳ ರಾಯಬಾಗದಾಗ ನಿಮ್ಮ ಹುಡುಗ್ಯಾರು ಸೋತು ಅಳಾಕತ್ತಿದ್ರು. ನೀವು ನೆಲಕ್ಕ ಕುಂತು ಒಬ್ಬೊಬ್ಬಾಕಿ ಬೂಟಿನ ದಾರ ಬಿಚ್ಚಿದ್ರಿ. ಅದನ್ನ ನೋಡಿದಾಗಿಂದ... ಮನಸ ಇಲ್ಲೇ ಐತ್ರಿ."

ಮಲಕವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

"ಲಗ್ನಾದ ಮ್ಯಾಲೂ ನಾ ಮೈದಾನ ಬಿಡಾಕಿ ಅಲ್ಲ."

"ಬಿಡಬ್ಯಾಡ್ರಿ. ಗೆರಿ ಹೊರಗ ನಿಂತು ಒದರಾಕ ನಾ ಬರ್ತೇನಿ."

"ಬರ್ರಿ," ಎಂದಳು ಮಲಕವ್ವ, ತಲೆಯೆತ್ತದೆ. "ಖರೆ, ಕನ್ನಡದಾಗ ಒದರ್ರಿ."

ಅಷ್ಟರಲ್ಲಿ ನಾಯಿಮರಿಯೊಂದು ಅಂಗಳದಿಂದ ಆಬಾಸಾಹೇಬನ ಒಂದು ಚಪ್ಪಲಿ ಕಚ್ಚಿಕೊಂಡು ಹೊಲದತ್ತ ಓಟ ಕಿತ್ತಿತು. ಅವನು ಏಳುವ ಮೊದಲೇ ಮಲಕವ್ವ ಸೆರಗು ಸಿಕ್ಕಿಸಿಕೊಂಡು, ಹಿಂದೆಮುಂದೆ ನೋಡದೆ ಅದರ ಬೆನ್ನು ಹತ್ತಿದ್ದಳು.