ಎಡಗಡೆ ಬಿಟ್ಟ ಜಾಗ

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕುಳಿತಿದ್ದಾಗ ಅವಳು ಎದುರಿನ ಗೋಡೆಯ ಮೇಲೆ ತನ್ನನ್ನೇ ಕಂಡಳು.

ದೊಡ್ಡ ಪೋಸ್ಟರು. ಕಿಟಕಿಯ ಪಕ್ಕ ಕುಳಿತ ಹುಡುಗಿ, ಕೈಯಲ್ಲಿ ಕಾಫಿ ಲೋಟ, ಅರ್ಧ ತಿರುಗಿದ ಮುಖ, ಇನ್ನೇನು ನಗುವಾಗಲಿರುವ ತುಟಿ. ಎಡಗಡೆ ಮೇಲೆಲ್ಲ ಖಾಲಿ ಗೋಡೆ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ, 'ನಿಮ್ಮ ಹಲ್ಲು, ನಮ್ಮ ಹೊಣೆ.'

"ಅಕ್ಕ, ಇದು ನೀನೇ ಅಲ್ವಾ?" ಎಂದಳು ತಂಗಿ, ಊದಿದ ಕೆನ್ನೆಯನ್ನು ಕರ್ಚೀಫಿನಲ್ಲಿ ಒತ್ತಿಕೊಂಡು.

"ನಾನೇ. ಹಿಂದೆ ಒಂದು ವಿಮೆ ಕಂಪನಿಯಲ್ಲೂ ಇದ್ದೆ. ಅಲ್ಲಿ ವಿಮೆ ಮಾಡಿಸಿ ನೆಮ್ಮದಿಯಾಗಿದ್ದೆ."

"ಇಲ್ಲಿ ಹಲ್ಲು ಕೀಳಿಸ್ಕೊಂಡು ನೆಮ್ಮದಿಯಾಗಿದೀಯ." ನಗಲು ಹೋಗಿ ತಂಗಿ ನೋವಿನಿಂದ ಮುಖ ಕಿವುಚಿದಳು. ಆಮೇಲೆ ಪೋಸ್ಟರನ್ನೇ ನೋಡುತ್ತ ಕೇಳಿದಳು, "ಅವರು ಯಾರು?"

"ಯಾರು?"

"ಪಕ್ಕದಲ್ಲಿ ಖಾಲಿ ಕುರ್ಚಿ ಇದೆಯಲ್ಲ, ಅದರಲ್ಲಿ ಕೂತ್ಕೋಬೇಕಾದವರು. ಮೇಜಿನ ಮೇಲೆ ಅವರ ಲೋಟವೂ ಇದೆ. ನೀನು ನೋಡ್ತಿರೋದೂ ಆ ಕಡೆಗೇ."

"ಅದು ಅಕ್ಷರಕ್ಕೆ ಅಂತ ಬಿಟ್ಟ ಜಾಗ ಕಣೆ."

ಅಷ್ಟರಲ್ಲಿ ನರ್ಸು ತಂಗಿಯನ್ನು ಒಳಗೆ ಕರೆದಳು. ಹೊರಗೆ ಉಳಿದವಳು ತಾನಾಡಿದ ಮಾತನ್ನು ತಾನೇ ಮತ್ತೆ ಕೇಳಿಸಿಕೊಂಡಳು. ಎದ್ದು ಪೋಸ್ಟರಿನ ಹತ್ತಿರ ಹೋಗಿ ಆ ಎರಡನೇ ಲೋಟವನ್ನು ನೋಡಿದಳು.

ಆ ಫೋಟೋ ತೆಗೆದ ಕಾಲದಲ್ಲಿ ಅವಳು ಒಂದು ಫೋಟೋ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಜಾಹೀರಾತಿನವರು, ಪತ್ರಿಕೆಯವರು ಬೇಕೆಂದಾಗ ಬಂದು ಕೊಂಡೊಯ್ಯಲು ಸಾವಿರಾರು ಚಿತ್ರಗಳನ್ನು ಸಿದ್ಧವಾಗಿಡುವ ಕಂಪನಿ ಅದು. ಛಾಯಾಗ್ರಾಹಕರು ತಂದ ಸ್ಲೈಡುಗಳನ್ನು, ಅಂದರೆ ಚೌಕಟ್ಟಿಗೆ ಹಾಕಿದ ಪುಟ್ಟ ಫಿಲ್ಮುಗಳನ್ನು, ಅಡಿಯಿಂದ ಬೆಳಕು ಬರುವ ಲೈಟ್ ಟೇಬಲ್ಲಿನ ಮೇಲೆ ಹರಡಿ, ಭೂತಗನ್ನಡಿಯಲ್ಲಿ ನೋಡಿ ಆರಿಸುವುದು ಅವಳ ಕೆಲಸ. ಆರಿಸುವುದಕ್ಕಿಂತ ತಳ್ಳಿಹಾಕುವುದೇ ಹೆಚ್ಚು. ಹಾಗಾಗಿ ಆಫೀಸಿನವರೆಲ್ಲ ಅವಳನ್ನು ಬೇಡಮ್ಮ ಎನ್ನುತ್ತಿದ್ದರು.

ಅಲ್ಲಿಗೆ ಚಿತ್ರ ತರುತ್ತಿದ್ದ ಒಬ್ಬ ಛಾಯಾಗ್ರಾಹಕನಿಗೆ ಮಬ್ಬಣ್ಣ ಎಂದು ಹೆಸರಿಟ್ಟವರೂ ಅವರೇ. ಅವನ ಚಿತ್ರಗಳಲ್ಲಿ ಸದಾ ಕಿಟಕಿಯ ಮಂದ ಬೆಳಕು. ಹೊಲಿಗೆ ಯಂತ್ರದ ಮೇಲೇ ನಿದ್ದೆ ಹೋದ ದರ್ಜಿ, ಬಸ್ಸಿನ ಕಿಟಕಿಗೆ ಹಣೆ ಆನಿಸಿದ ಮುದುಕಿ. ನೋಡಿದರೆ ಕರುಳು ಚುರ್ ಎನ್ನಬೇಕು. ಆದರೆ ಒಂದೂ ಮಾರಾಟವಾಗುತ್ತಿರಲಿಲ್ಲ.

"ಯಾಕೆ ಬೇಡ, ಮೇಡಂ?" ಎಂದು ಅವನು ಮೊದಲ ಸಲ ಕೇಳಿದಾಗ ದನಿಯಲ್ಲಿ ಜಗಳವಿತ್ತು.

"ಈ ದರ್ಜಿ ಈ ದರ್ಜಿಯೇ. ಇನ್ಯಾರೂ ಆಗಲಾರ. ಕೊಳ್ಳುವವನಿಗೆ ಯಾರು ಬೇಕಾದರೂ ಆಗಬಲ್ಲ ಮನುಷ್ಯ ಬೇಕು, ಸಾರ್. ನೋಡಿದವರು ಇದು ನಾನೇ ಅಂದ್ಕೋಬೇಕು."

"ಮತ್ತೆ?"

"ಹಿಂದಿನ ಗೋಡೆಯ ಕ್ಯಾಲೆಂಡರ್ ತೆಗೀರಿ, ವರ್ಷ ಕಳೆದರೆ ಫೋಟೋ ಹಳಸುತ್ತೆ. ಲೋಟದ ಮೇಲೆ ಅಂಗಡಿ ಹೆಸರು ಇರಬಾರದು. ಪೂರ್ತಿ ನಗು ಟೂತ್‌ಪೇಸ್ಟಿನವರಿಗೆ ಮಾತ್ರ, ಉಳಿದವರಿಗೆ ಅರ್ಧ ಸಾಕು. ಕ್ಯಾಮೆರಾ ಕಡೆ ನೋಡೋದು ಬೇಡ. ಮುಖ್ಯವಾಗಿ, ಎಡಗಡೆ ಜಾಗ ಬಿಡಿ."

"ಜಾಗ ಯಾಕೆ?"

"ಅವರ ಮಾತು ಬರೆಯೋಕೆ. ನಿಮ್ಮ ಮಾತನ್ನೇ ತುಂಬಿಸಿ ಕೊಟ್ಟರೆ ಅವರು ಎಲ್ಲಿ ಬರೀಬೇಕು?"

ಅವನು ಅವಳನ್ನು ದಿಟ್ಟಿಸಿ ನೋಡಿದ. "ನಿಮ್ಮ ಕೈಲಿ ಬೈಸ್ಕೊಂಡ್ರೂ ಪಾಠ ಕೇಳಿದ ಹಾಗಿರುತ್ತೆ, ಬೇಡಮ್ಮ."

ಮುಖದೆದುರೇ ಹಾಗೆ ಕರೆದವನು ಅವನೊಬ್ಬನೇ. ಅವಳು ಭೂತಗನ್ನಡಿಯ ಹಿಂದೆ ನಗು ಮರೆಸಿಕೊಂಡಳು. ಆ ಗಾಜಿನಲ್ಲಿ ನಗು ಇನ್ನೂ ದೊಡ್ಡದಾಗಿ ಕಾಣುತ್ತದೆಂದು ಅವಳಿಗೆ ಹೊಳೆಯಲಿಲ್ಲ.

ಅವನು ಬೇಗ ಕಲಿತ. ಚಿತ್ರಗಳು ಬಿಸಿ ಬಿಸಿಯಾಗಿ ಖರ್ಚಾಗತೊಡಗಿದವು. ಆದರೆ ಅವಳ ನೆನಪಿನಲ್ಲಿ ಉಳಿದದ್ದು ಅದಲ್ಲ. ಸ್ಲೈಡಿನ ಚೌಕಟ್ಟಿನ ಚೂಪು ಮೂಲೆಗಳು ಅವಳ ಬೆರಳು ಗೀರುವುದನ್ನು ಒಮ್ಮೆ ನೋಡಿದ್ದ. ಅಂದಿನಿಂದ ಅವನು ತರುವ ಪ್ರತಿ ಸ್ಲೈಡಿನ ಮೂಲೆಯೂ ಉಜ್ಜಿ ನಯಮಾಡಿದ್ದು. ಅದರ ಬಗ್ಗೆ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಒಂದು ದಿನ ಮಾಡೆಲ್ ಕೈಕೊಟ್ಟಳೆಂದು ಅವನು ಇವಳನ್ನೇ ಕಿಟಕಿಯ ಬಳಿ ಕೂರಿಸಿದ. ಎರಡು ಲೋಟ ಕಾಫಿ ತಂದ. ಒಂದನ್ನು ಅವಳ ಕೈಗೆ ಕೊಟ್ಟ, ಇನ್ನೊಂದನ್ನು ಪಕ್ಕದ ಖಾಲಿ ಕುರ್ಚಿಯ ಎದುರಿಗಿಟ್ಟ.

ಕೆಲವು ದಿನಗಳ ಮೇಲೆ ಆ ಸ್ಲೈಡನ್ನು ತಂದು ಲೈಟ್ ಟೇಬಲ್ಲಿನ ಮೇಲಿಟ್ಟು ನಿಂತ. "ದೂರದ ಊರಿಂದ ಕೆಲಸಕ್ಕೆ ಕರೆ ಬಂದಿದೆ. ಇದನ್ನ ನೋಡಿ ಹೇಳಿ, ಹೋಗ್ಲೋ ಬೇಡವೋ."

ಅವಳು ಬಗ್ಗಿ ನೋಡಿದಳು. ಬೆಳಕು ಸರಿ, ನಗು ಅರ್ಧ, ಎಡಗಡೆ ಧಾರಾಳ ಜಾಗ. ಹೋಗುತ್ತೇನೆ ಎಂಬ ಮಾತಿಗೇ ಕಣ್ಣು ತುಂಬಿತ್ತು. ಅದು ಕಾಣಬಾರದೆಂದು ಗಟ್ಟಿಯಾಗಿ ಅಂದಳು, "ತುಂಬ ಚೆನ್ನಾಗಿದೆ. ಖಂಡಿತ ಮಾರಾಟ ಆಗುತ್ತೆ. ನೀವು ಎಲ್ಲಿ ಹೋದ್ರೂ ಗೆಲ್ತೀರಿ."

ಅವನು ಸ್ಲೈಡನ್ನು ಅಲ್ಲೇ ಬಿಟ್ಟ. "ಸರಿ, ಮೇಡಂ," ಎಂದ. ಬೇಡಮ್ಮ ಎನ್ನಲಿಲ್ಲ.

ಅವನು ಹೋದ. ಚಿತ್ರ ಮಾತ್ರ ಊರೂರು ಸುತ್ತಿತು. ಕಂಡ ಕಂಡವರೆಲ್ಲ ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ಮಾತು ಬರೆದುಕೊಂಡರು. ಒಂದು ಮಾತೂ ಹೇಳದೆ ಹೋದನಲ್ಲ ಎಂದು ಅವಳು ಇಷ್ಟು ವರ್ಷ ಅವನ ಮೇಲೆ ಮುನಿಸಿಕೊಂಡೇ ಇದ್ದಳು. ಅವನು ವಾಪಸು ಬಂದು ಮಾರ್ಕೆಟ್ಟಿನ ಹಿಂದೆ ಸ್ಟುಡಿಯೋ ಇಟ್ಟಿದ್ದಾನೆಂದು ತಿಳಿದ ಮೇಲೂ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಿದ್ದಳು.

ತಂಗಿಯನ್ನು ಮನೆಗೆ ಬಿಟ್ಟು, ಆ ಸಂಜೆ ಅವಳು ರಸ್ತೆ ದಾಟಿದಳು.

ಅವನು ತಲೆ ಎತ್ತದೆ ಲೆನ್ಸು ಒರೆಸುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. "ಪಾಸ್‌ಪೋರ್ಟ್ ಸೈಜಾ?"

"ಬೇಡ."

ಒರೆಸುವ ಕೈ ನಿಂತಿತು. ಮುಖ ನೋಡುವ ಮೊದಲೇ ಅವನು ಅಂದ, "ಬೇಡಮ್ಮ."

"ಎರಡನೇ ಲೋಟ ಯಾರದ್ದು?" ಅವಳು ಕುಶಲ ಕೂಡ ಕೇಳಲಿಲ್ಲ.

ಒರೆಸಿದ ಲೆನ್ಸನ್ನೇ ಅವನು ಮತ್ತೆ ಒರೆಸಿದ. "ಅಂತೂ ಕಾಣಿಸ್ತು."

"ನನಗಲ್ಲ. ತಂಗಿಗೆ, ಅದೂ ಹಲ್ಲುನೋವಿನಲ್ಲಿ. ಬಾಯಿಬಿಟ್ಟು ಹೇಳಬಾರದಿತ್ತಾ?"

"ನನಗೆ ಬರೋದು ಫೋಟೋ ಒಂದೇ. ಅದರಲ್ಲೇ ಹೇಳ್ದೆ. ನೀವು ಮಾರಾಟ ಆಗುತ್ತೆ ಅಂದ್ರಿ."

"ಊರವರ ಫೋಟೋಕ್ಕೆಲ್ಲ ಬೇಡ ಅಂದವಳು, ಹೋಗೋದು ಬೇಡ ಅಂತ ಒಂದು ಮಾತು ಅನ್ನಲಿಲ್ಲ ನೋಡಿ." ಅವಳು ತನ್ನನ್ನೇ ಬೈದುಕೊಂಡಳು. ಅವನು ಎದ್ದು ಸ್ಟೂಲು ಎಳೆದು, ಕೂರುವ ಜಾಗವನ್ನು ತನ್ನ ಕರ್ಚೀಫಿನಿಂದ ಒರೆಸಿ ಅವಳ ಮುಂದಿಟ್ಟ.

"ಮನೇಲಿ ಯಾರಿದಾರೆ?" ಎಂದು ಅವಳೇ ಕೇಳಿದಳು.

"ಒಂದು ಬೆಕ್ಕು. ಅದೂ ಪಕ್ಕದ ಮನೆಯದ್ದು. ನಿಮ್ಮನೇಲಿ?"

"ನಾನು, ತಂಗಿ. ಅವಳು ಬೆಕ್ಕಿಗಿಂತ ಜೋರು." ಕಣ್ಣೊರೆಸಿಕೊಂಡು ಅವಳು ನೆಟ್ಟಗೆ ಕುಳಿತಳು. "ಒಂದು ಫೋಟೋ ತೆಗೀರಿ. ಯಾರೂ ಕೊಳ್ಳಬಾರದು, ಅಂಥದ್ದು."

ಅವನ ಕಣ್ಣು ಮಿನುಗಿತು. ಗೋಡೆಯ ಕ್ಯಾಲೆಂಡರನ್ನು ತೆಗೆಯಲಿಲ್ಲ. ಎದುರಿನ ಅಂಗಡಿಯಿಂದ ಎರಡು ಕಾಫಿ ತರಿಸಿ, ಅಂಗಡಿಯ ಹೆಸರು ಕಾಣುವಂತೆ ಲೋಟ ತಿರುಗಿಸಿಟ್ಟ. ಚಿತ್ರದಲ್ಲಿ ಎಡಗಡೆ ಬರುವಂತೆ ಕುರ್ಚಿ ಹಾಕಿ, ಕ್ಯಾಮೆರಾಕ್ಕೆ ಟೈಮರ್ ಕೊಟ್ಟು ಓಡಿಬಂದ. ಮಂಡಿ ಲಟಕ್ ಎಂದಿತು.

"ಕ್ಯಾಮೆರಾ ನೋಡ್ಲಾ?"

"ನೋಡಿ. ನಗುನೂ ಪೂರ್ತಿ ಇರಲಿ."

"ಎಡಗಡೆ ಜಾಗ?"

ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ಇಲ್ಲ. ತುಂಬಿದೆ."

ಕ್ಯಾಮೆರಾದ ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಅವನ ಕಣ್ಣು ಮುಚ್ಚಿತ್ತು. ಅವಳ ನಗುವಿನಲ್ಲಿ ಹಲ್ಲು ಬಿದ್ದ ಜಾಗವೂ ಕಾಣುತ್ತಿತ್ತು. ಚೌಕಟ್ಟು ಒಂದು ಕಡೆಗೆ ವಾಲಿತ್ತು.

"ಹೇಗಿದೆ, ಬೇಡಮ್ಮ?" ಅವನು ಅಂದಿನಂತೆಯೇ ಪಕ್ಕದಲ್ಲಿ ನಿಂತು ಕೇಳಿದ.

ಅವಳು ಅವಸರ ಮಾಡಲಿಲ್ಲ. ಹಿಂದೆ ಲೈಟ್ ಟೇಬಲ್ಲಿನ ಮೇಲೆ ಬಗ್ಗಿ ನೋಡುತ್ತಿದ್ದ ಹಾಗೆಯೇ ಮೂಲೆ ಮೂಲೆಯನ್ನೂ ನೋಡಿದಳು.

"ಬೇಕು," ಎಂದಳು.