ಚಂದಮ್ಮಾಯಿಯ ಕಟ್ಟೆ

ಎರಡು ಕ್ಯಾಮೆರಾ, ವೈರು, ಕೂಲಿ ಸೇರಿ ಮೂವತ್ತೊಂದು ಸಾವಿರ ಬಿತ್ತು. ಚಂದಮ್ಮಾಯಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದಳು.

ಶಹಾಪುರದ ನಮ್ಮ ಓಣಿಯ ತಿರುವಿನಲ್ಲಿ ಬೇವಿನ ಕೆಳಗೆ ಕಲ್ಲುಕಟ್ಟೆಯೊಂದಿತ್ತು. ಬಿಸಿಲಿಗೆ ಎಲ್ಲರೂ ಮಲಗಿದಾಗ ಆ ಮುದುಕಿ ಕಟ್ಟೆಗೆ ನೀರು ಚಿಮುಕಿಸಿ, ತಂಬಿಗೆ ಇಟ್ಟುಕೊಂಡು ಕೂರುವಳು. ಗುರುತಿಲ್ಲದವರು ಬಂದರೆ, "ಯಾರ ಪೈಕಿ ಅದೀಯಪ್ಪಾ? ಬಾ, ನೀರ ಕುಡಿ" ಎನ್ನುವಳು. ಅವಳ ನೀರು ಕುಡಿದವನಿಗೆ ಹೆಸರು, ಊರು ಹೇಳದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಓಣಿಯಲ್ಲಿ ಕಳವೆಂಬುದೇ ಇರಲಿಲ್ಲ.

ಅವಳು ತೀರಿದ ಮೇಲೆ, ನನ್ನ ಕಾರು ತಿರುಗಲೆಂದು ಕಟ್ಟೆ ಒಡೆಸಿದವನು ನಾನೇ. ಬೇವೂ ಹೋಯಿತು. ಆರು ತಿಂಗಳಲ್ಲಿ ಮೂರು ಮನೆಗಳಲ್ಲಿ ಕಳವಾಯಿತು, ಮೂರೂ ಮಧ್ಯಾಹ್ನವೇ. ಆಗ ತಿರುವಿಗೆ ಕ್ಯಾಮೆರಾ ಹಾಕಿಸಿದೆ.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಕ್ಯಾಮೆರಾ ನೋಡುತ್ತಿದ್ದೆ. ಸಲಾಕೆ ಹಿಡಿದವನೊಬ್ಬ ನಮ್ಮ ಮನೆಯತ್ತ ಬರುತ್ತಿದ್ದ. ಒಳಗೆ ಹೆಂಡತಿ ಕಸ್ತೂರಿ ಒಬ್ಬಳೇ ಮಲಗಿದ್ದಳು. ಅವನು ತಿರುವಿನಲ್ಲಿ ನಿಂತು ಚಪ್ಪಲಿ ಬಿಟ್ಟ. ಖಾಲಿ ಜಾಗದ ಮುಂದೆ ಬಗ್ಗಿ ಬೊಗಸೆಯೊಡ್ಡಿದ. ಗದ್ದದಿಂದ ನೀರು ಇಳಿಯಿತು, ತುಟಿಗಳು ಅಲುಗಿದವು. ಆಮೇಲೆ ಸಲಾಕೆ ಬಿಸುಟು ಬರಿಗಾಲಲ್ಲಿ ಓಡಿದ.

ಮನೆಗೆ ಧಾವಿಸಿ ಕಸ್ತೂರಿಗೆ ತೋರಿಸಿದೆ.

"ಹೆಸರು ಹೇಳಾಕತ್ತಾನ ನೋಡ್ರಿ," ಎಂದಳು.

"ಅಲ್ಲಿ ಕಟ್ಟಿ ಎಲ್ಲೈತಿ?"

"ಒಡಿಸಿದೋರು ನೀವು. ಆಯಿಗೇನ್ ಗೊತ್ತು?"

ಹೋಗಿ ಮುಟ್ಟಿ ನೋಡಿದೆ. ಕಾದ ಡಾಂಬರಿನ ನಡುವೆ ಕಟ್ಟೆಯಷ್ಟೇ ಅಗಲದ ಜಾಗ ಒದ್ದೆಯಾಗಿ, ತಣ್ಣಗಿತ್ತು.

ಅವನ ಚಪ್ಪಲಿ ಇನ್ನೂ ನಮ್ಮಲ್ಲಿವೆ. ಅಂದು ಏನೂ ಕಳವಾಗಲಿಲ್ಲ. ಹೋದದ್ದು ಕಟ್ಟೆ ಮಾತ್ರ, ಅದೂ ನನ್ನ ಕೈಯಿಂದಲೇ.