ನೂರ ಹದಿನಾಲ್ಕನೆಯ ಚೀಟಿ

“ಗಾಡಿ ಎಡಬಾಗಲದ ಒಳಗಿನ ರಟ್ಟು ಮಾತ್ರ ಬಿಚ್ಚಬ್ಯಾಡ ತಮ್ಮಾ,” ಎಂದಳು ಸುವರ್ಣಾ, ಕೀಲಿಕೈ ಕೊಡುವ ಮುಂಚೆ. “ಉಳಿದದ್ದು ಏನ್ ಬೇಕಾದ್ರೂ ಮಾಡ್ಕೋ.”

ಹಿಮಾಯತ್‌ನಗರದ ಅವಳ ಮನೆಯನ್ನು ಕೆಡವುವವರಿದ್ದರು. ತಗಡಿನ ಚಪ್ಪರದಡಿ ವರ್ಷಗಟ್ಟಲೆ ನಿಂತೇ ಇದ್ದ ಹಳೆಯ ಫಿಯೆಟ್ಟನ್ನು ಮನೋಜ ಕೊಂಡಿದ್ದ. ಮೈಸೂರಿನವನು, ಲೋಹಶಾಸ್ತ್ರ ಓದಿದವನು, ಹೆಂಡತಿ ಕೃಪಾಳೊಡನೆ ಹೈದರಾಬಾದಿಗೆ ಬಂದು ಎಂಟು ತಿಂಗಳಾಗಿತ್ತು.

“ಯಾಕಮ್ಮಾ, ಒಳಗೆ ಹಾವಿದ್ಯಾ?”

“ಮಾಟ ಐತಿ. ನಾನ ಮಾಡ್ಸಿದ್ದು.” ಎಪ್ಪತ್ತು ದಾಟಿದ ಆಕೆ ನಲ್ಲಿಯ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸುವವಳಂತೆ ಹೇಳಿದಳು. “ಐತವಾರ ಬಂತಂದ್ರ ನಮ್ಮನ್ಯಾವ್ರು ಈ ಗಾಡಿ ತಗೊಂಡು ಇನ್ನೊಬ್ಬಾಕಿ ಮನಿಗೆ ಹೋಗ್ತಿದ್ರು. ಹೋಗಬಾರದು ಅಂತ ಕೇಳ್ಕೊಂಡೆ. ಹೋಗಲಿಲ್ಲ. ಮೊದಲ ಕಾಲು ನಿಂತವು. ಆಮ್ಯಾಲ ಕೈ. ಆಮ್ಯಾಲ ನಾಲಿಗಿ. ಒಂಬತ್ತು ವರ್ಷ ಕುರ್ಚ್ಯಾಗ ಕುಂತ್ರು.”

“ಅದಕ್ಕೆ ಲಕ್ವ ಅಂತಾರಮ್ಮಾ,” ಎಂದು ಮನೋಜ ನಕ್ಕ. ಕೃಪಾ ನಗಲಿಲ್ಲ.

ಹಳೆಯ ಕಾರಿನವರಿಗೆ ಚಳಿಗಾಲವೆಂದರೆ ರಿಪೇರಿಯ ಕಾಲ. ಜನವರಿಯ ಕೊನೆಗೆ ಹಳೆಯ ಕಾರುಗಳ ಮೆರವಣಿಗೆಯಿತ್ತು. ಮಣಿಕೊಂಡದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಫಿಯೆಟ್ಟನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಇಬ್ಬರೂ ಕೆಲಸಕ್ಕಿಳಿದರು. ರೇಡಿಯೇಟರಿನ ಕೊಳೆನೀರು ಬಸಿದರು, ಬ್ರೇಕಿನ ರಬ್ಬರು ಬದಲಿಸಿದರು, ತುಕ್ಕು ಉಜ್ಜಿದರು. ಮನೋಜನದೊಂದು ಪದ್ಧತಿ: ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಬೇಕು. ಚೀಟಿಯಲ್ಲಿ ಸಂಖ್ಯೆ, ಜಾಗ, ಬಿಚ್ಚಿದವರ ಹೆಸರು. ಬಲಗಡೆ ಅವನದು, ಎಡಗಡೆ ಕೃಪಾಳದು.

ಮನೋಜನ ಒತ್ತಾಯಕ್ಕೆ ಕೃಪಾ ಎಡಬಾಗಿಲ ರಟ್ಟು ಕಳಚಿದಾಗ ಇಲಿಯ ಮೂತ್ರ, ಕೊಳೆತ ನಾರು, ಅವೆರಡರ ಅಡಿಯಿಂದ ಸುಟ್ಟ ಲೋಬಾನದ ವಾಸನೆ ಬಂತು. ಕರಿದಾರ ಸುತ್ತಿದ ಸೀಸದ ಸುರುಳಿಯೊಂದು ಒಳಗಿತ್ತು. ದಾರಕ್ಕೆ ಕಟ್ಟಿದ್ದ ಕಾಗದ ಮುಟ್ಟಿದೊಡನೆ ಪುಡಿಯಾಯಿತು.

“ಬೇಡ ಕಣೋ, ಬಿಡು,” ಎಂದಳು ಕೃಪಾ.

“ಕಂಪನಿಯವರು ಕೊಟ್ಟಿದ್ದಲ್ಲ. ಆದ್ರೂ ಗಾಡೀದೇ ತಾನೇ?” ಅವನು ಸುರುಳಿಯನ್ನು ಒರೆಸಿ, ಅದೇ ದಾರಕ್ಕೆ ಹೊಸ ಚೀಟಿ ಕಟ್ಟಿ ಬರೆದ: ೧೧೪, ಎಡಬಾಗಿಲು, ಕೃಪಾ. ಇದ್ದದ್ದು ಇದ್ದಲ್ಲಿಯೇ ಇರಬೇಕೆಂಬುದು ಅವನ ಇನ್ನೊಂದು ನಿಯಮ. ಸುರುಳಿಯನ್ನು ಚೀಟಿಯ ಸಮೇತ ಮೊದಲಿದ್ದ ಜಾಗದಲ್ಲೇ ಸಿಕ್ಕಿಸಿದ.

ಆರನೆಯ ದಿನ ಕೃಪಾಳ ಪಾದಗಳು ತಣ್ಣಗಾದವು. ಚಳಿಯೆಂದುಕೊಂಡರು. ಹನ್ನೆರಡನೆಯ ದಿನ ಅವಳು ಹಾಸಿಗೆಯಿಂದ ಇಳಿಯಲಾಗದೆ ಕೂತಲ್ಲೇ ಕೂತಿದ್ದಳು. ಆಸ್ಪತ್ರೆಯಲ್ಲಿ ರಕ್ತ, ನರ, ಬೆನ್ನುಹುರಿ ಎಲ್ಲವನ್ನೂ ನೋಡಿದರು. ಯಾವುದರಲ್ಲೂ ದೋಷವಿರಲಿಲ್ಲ. ಮನೋಜ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟ. ಅದೊಂದೇ ಅವನಿಗೆ ಗೊತ್ತಿದ್ದ ಪ್ರಾರ್ಥನೆ.

ಕೆಲಸ ನೋಡುತ್ತಾ ಕೂರುತ್ತೇನೆಂದು ಅವಳೇ ಕೇಳಿದ್ದರಿಂದ ಒಂದು ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ನೆಲಮಾಳಿಗೆಗೆ ಕರೆತಂದ. ಮರೆತುಬಂದ, ನಟ್ಟು ಬಿಚ್ಚುವ ಪಾನಾ ತರಲು ಮೇಲೆ ಹೋಗಿಬಂದಾಗ ಕೆಳಗೆಲ್ಲ ಕತ್ತಲೆ. ಅಲ್ಲಿಯ ದೀಪಗಳು ಯಾರಾದರೂ ಅಲುಗಾಡಿದರೆ ತಾವೇ ಹತ್ತುವಂಥವು. ಅವನು ಕಾಲಿಟ್ಟೊಡನೆ ಹತ್ತಿದವು. ಕೃಪಾ ಕಣ್ಣು ತೆರೆದೇ ಕೂತಿದ್ದಳು.

“ಕೈ ಎತ್ತೋಕೆ ನೋಡ್ದೆ,” ಎಂದಳು. ಮಾತು ದಪ್ಪಗಿತ್ತು. “ದೀಪ ಬರ್ಲಿಲ್ಲ ಮನೂ.”

ಅವನು ಅಂದೇ ಹಿಮಾಯತ್‌ನಗರಕ್ಕೆ ಓಡಿದ. ಸುವರ್ಣಾ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ.

“ಹೆಸರು ಬರದ್ಯಾ?”

“ಬರೆದೆ.”

“ನಮ್ಮನ್ಯಾವ್ರು ಹೋದ ಮ್ಯಾಲ ಅದು ಖಾಲಿ ಇತ್ತು ತಮ್ಮಾ. ತಗದು ಒಗ್ಯಾಕ ನನಗ ಧೈರ್ಯ ಆಗಲಿಲ್ಲ. ಈಗ ಒಗದ್ರ ನಿನ್ನ ಹೇಣ್ತಿ ಜೀವಾನೂ ಅದರ ಸಂಗಾಟ ಹೋಗತೈತಿ. ಬರದ ಕೈನ ಇನ್ನೊಬ್ಬರ ಹೆಸರು ಬರೀಬೇಕು. ಬ್ಯಾರೆ ದಾರಿ ಇಲ್ಲ.”

ಸುವರ್ಣಾ ತಾನೂ ಅವನೊಡನೆ ಆಟೋ ಹತ್ತಿದಳು.

ಕೃಪಾಳನ್ನು ಮತ್ತೆ ನೆಲಮಾಳಿಗೆಗೆ ಕರೆತಂದು ಮನೋಜ ರಟ್ಟು ಕಳಚಿದ. ಸೀಸ ಬೆಚ್ಚಗಿತ್ತು. ಮೈಯ ಬಿಸಿ. ಚೀಟಿ ಕಿತ್ತ. ಗಾಲಿಕುರ್ಚಿಯಲ್ಲಿ ಕೃಪಾಳ ತಲೆ ವಾಲಿತು. ಉಸಿರು ಕೇಳಿಸಲಿಲ್ಲ. ಹೊಸ ಚೀಟಿ. ಪೆನ್ನು. ತನ್ನ ಹೆಸರೇ ಬರೆಯಬೇಕು. ಬೇರೆ ಯಾರದು? ಪೆನ್ನು ಕಾಗದಕ್ಕೆ ತಾಗಿತು. ಕೈ ಮುಂದೆ ಸಾಗಲಿಲ್ಲ. ಯಾರೂ ಅಲುಗಾಡಲಿಲ್ಲ. ದೀಪ ಆರಿತು. ಬರಿ, ಎಂದುಕೊಂಡ. ಬರಿ. ಕೈ ಸಾಗಲಿಲ್ಲ.

ಕತ್ತಲೆಯಲ್ಲಿ ಒಣಗಿದ ಬೆರಳುಗಳು ಅವನ ಮಣಿಕಟ್ಟು ಹಿಡಿದವು. ದೀಪ ಹತ್ತಿತು.

“ನಂದು ಬರಿ,” ಎಂದಳು ಸುವರ್ಣಾ.

“ಅಮ್ಮಾ...”

“ಅಕೀನ್ನ ನೋಡ್ಕೊಳ್ಳಾಕ ನೀ ಬೇಕಲ್ಲ. ನನಗೆಲ್ಲಿ ಹೋಗೂದೈತಿ? ಹೆಂಗೂ ನೀ ಇದನ್ನ ನಂಬಂಗಿಲ್ಲ. ಬರೀ ಹೆಸರು ಅಂತ ತಿಳಕೊಂಡು ಬರಿ.”

ಆ ಕ್ಷಣ ಎದೆಯಲ್ಲಿ ಏನೋ ಹಗುರಾದದ್ದು ಮನೋಜನಿಗೆ ಗೊತ್ತಾಯಿತು. ಮುಂದೆ ಎಷ್ಟೋ ದಿನ ಅವನು ಆ ಹಗುರವನ್ನೇ ಹೊತ್ತು ತಿರುಗಿದ. ‘ಸುವರ್ಣಾ’ ಎಂದು ಬರೆದ. ಕೈ ಸರಾಗವಾಗಿ ಓಡಿತು.

ಕೃಪಾ ದೀರ್ಘವಾಗಿ ಉಸಿರೆಳೆದು ಕೆಮ್ಮಿದಳು. ಅವಳ ಪಾದ ಕಾಂಕ್ರೀಟಿನ ಮೇಲೆ ಸರಿಯಿತು.

ಮೆರವಣಿಗೆಯ ದಿನ ಫಿಯೆಟ್ಟು ದಿಮ್ಮಿಗಳ ಮೇಲೆಯೇ ಇತ್ತು. ಇಬ್ಬರೂ ಸುವರ್ಣಾಳ ತಂಗಿಯ ಮನೆಗೆ ಹೋದರು. ಸುವರ್ಣಾಳನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದ್ದರು. ಕಾಲುಗಳು ನಿಂತಿದ್ದವು, ಕೈಗಳೂ ನಿಂತಿದ್ದವು. ನಾಲಿಗೆ ಇನ್ನೂ ಸ್ವಲ್ಪ ಹೊರಳುತ್ತಿತ್ತು. ಮನೋಜ ಅವಳ ಮುಂದೆ ನೆಲದ ಮೇಲೆ ಕೂತ. ಕ್ಷಮಿಸಿ ಎನ್ನಲು ಬಾಯಿ ತೆರೆದ. ಅವಳು ಅವನನ್ನು ನೋಡುತ್ತಿರಲಿಲ್ಲ.

“ಭೀಮಾಶಂಕರ,” ಎಂದಳು.

ತಂಗಿ ಸೆರಗು ಬಾಯಿಗೊತ್ತಿ ಗೋಡೆಗೆ ಒರಗಿದಳು. “ಭಾವನ ಹೆಸರು,” ಎಂದು ಕೃಪಾಳ ಕಿವಿಯಲ್ಲಿ ಹೇಳಿದಳು. “ಲಗ್ನ ಆದಾಗಿಂದ ಒಂದ್ ಸಲಾನೂ ಅಂದಿದ್ದಿಲ್ಲ ಅಕ್ಕ. ಗಂಡನ ಹೆಸರು ಬಾಯಾಗ ತಗೀಬಾರದಂತ.”

ಸುವರ್ಣಾ ಮತ್ತೊಮ್ಮೆ ಹೇಳಿದಳು, ಈಗ ಇನ್ನೂ ನಿಧಾನವಾಗಿ, ಹೊಸ್ತಿಲಾಚೆ ನಿಂತವರನ್ನು ಒಳಗೆ ಕರೆಯುವಂತೆ. ಮೂರನೆಯ ಸಲ ತುಟಿಗಳು ಅಲುಗಿದವು. ದನಿ ಬರಲಿಲ್ಲ. ಕೃಪಾ ಎದ್ದುಹೋಗಿ, ತೆರೆದೇ ಉಳಿದ ಆ ಬಾಯಿಯ ಅಂಚನ್ನು ತನ್ನ ದುಪಟ್ಟಾದಿಂದ ಒರೆಸಿದಳು.